ಹಳೇ ಎಂಜಿಬಿಗೆ ಯಾವ ಫ್ಯಾನ್, ಯಾವ ಶ್ರೌಡ್? ಹುಬ್ಬಳ್ಳಿ ಬಿಸಿಲಲ್ಲಿ ಹಾಕಿ ನೋಡಿದ್ದು

ಎಂಜಿಬಿ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಓಡುವಾಗ ಕುದಿಯುವುದಿಲ್ಲ, ನಿಂತಾಗ ಕುದಿಯುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ. ಎದುರಿನಿಂದ ನುಗ್ಗುವ ಗಾಳಿಯೇ ರೇಡಿಯೇಟರ್‌ಗೆ ಸಾಕು. ಅದೇ ಕಾರನ್ನು ಏಪ್ರಿಲ್ ಮಧ್ಯಾಹ್ನ ಚೆನ್ನಮ್ಮ ಸರ್ಕಲ್ ಹತ್ತಿರ ಆಟೋ, ಬಸ್ಸುಗಳ ನಡುವೆ ನಿಲ್ಲಿಸಿ ನೋಡಿ. ಸ್ವಲ್ಪ ಹೊತ್ತಿಗೇ ಮುಳ್ಳು ಮೇಲೇರಲು ಶುರುವಾಗುತ್ತದೆ. ಆಮೇಲೆ ಅದು ಇಳಿಯುವುದು ಉಣಕಲ್ ದಾಟಿ ರಸ್ತೆ ಬಿಡುವಾದ ಮೇಲೆಯೇ.

ಅಂದರೆ ಫ್ಯಾನ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ. ಕಾರು ನಿಂತಾಗ, ಇಂಜಿನ್ ಐಡಲ್‌ನಲ್ಲಿದ್ದಾಗ (ಆಕ್ಸಿಲರೇಟರ್ ಒತ್ತದೆ ನಿಧಾನ ತಿರುಗುತ್ತಿರುವಾಗ), ರೇಡಿಯೇಟರ್‌ನ ಎಷ್ಟು ಭಾಗದಿಂದ ಗಾಳಿ ಎಳೆಯುತ್ತದೆ? ಈ ಪ್ರಶ್ನೆ ಇಟ್ಟುಕೊಂಡೇ ನನ್ನ 1966ರ ಕಾರಿನ ಮೇಲೆ ನಾಲ್ಕು ಬಗೆಯ ಜೋಡಣೆ ಹಾಕಿ ನೋಡಿದೆ. ಮೊದಲನೆಯದು ಕಾರಿನ ಜೊತೆಗೇ ಬಂದ ಮೂರು ರೆಕ್ಕೆಯ ಕಬ್ಬಿಣದ ಫ್ಯಾನ್, ಶ್ರೌಡ್ (ಗಾಳಿ ರೇಡಿಯೇಟರ್ ಮೂಲಕವೇ ಬರುವಂತೆ ಫ್ಯಾನಿನ ಸುತ್ತ ಹಾಕುವ ಡಬ್ಬಿಯಂಥ ಹೊದಿಕೆ) ಇಲ್ಲದೆ. ಎರಡನೆಯದು ನಂತರದ ಎಂಜಿಬಿಗಳಲ್ಲಿ ಬಂದ ಏಳು ರೆಕ್ಕೆಯ ಪ್ಲಾಸ್ಟಿಕ್ ಫ್ಯಾನ್, ಜೊತೆಗೆ ಇಲ್ಲೇ ಮಾಡಿಸಿದ ತಗಡಿನ ಶ್ರೌಡ್. ಮೂರನೆಯದು ರೇಡಿಯೇಟರ್ ಮುಂದೆ ಕೂರಿಸಿದ ತೆಳು ಮೋಟಾರಿನ ಎಲೆಕ್ಟ್ರಿಕ್ ಫ್ಯಾನ್. ನಾಲ್ಕನೆಯದು ಅದೇ ಎಲೆಕ್ಟ್ರಿಕ್ ಫ್ಯಾನ್, ಆದರೆ ರೇಡಿಯೇಟರ್ ಹಿಂದೆ, ಪೂರ್ತಿ ಅಲ್ಯೂಮಿನಿಯಂ ಶ್ರೌಡ್‌ನೊಂದಿಗೆ.

ಫ್ಯಾನ್ ಮುಟ್ಟುವ ಮೊದಲು ಮಾಡಿಸಿದ ಕೆಲಸಗಳನ್ನೂ ಹೇಳಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ರೇಡಿಯೇಟರ್ ಬಿಚ್ಚಿ ಹೊಸ ತಾಮ್ರದ ಕೋರ್ (ನೀರು ಹರಿಯುವ ಕೊಳವೆಗಳಿರುವ ನಡುಭಾಗ) ಹಾಕಿಸಿದೆ. ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಕವಾಟ, 82 ಡಿಗ್ರಿಯದು. ರೇಡಿಯೇಟರ್ ಕ್ಯಾಪ್ 10 ಪಿಎಸ್‌ಐ (ಒತ್ತಡದ ಅಳತೆ) ತಡೆಯುವಂಥದ್ದು. ನಮ್ಮ ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ, ಹಾಗಾಗಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಒಂದೊಂದು ಪಿಎಸ್‌ಐ ಒತ್ತಡಕ್ಕೂ ಕುದಿಯುವ ಬಿಂದು ಒಂದೂವರೆ ಡಿಗ್ರಿಯಷ್ಟು ಮೇಲೆ ಹೋಗುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಆ ಲಾಭವೆಲ್ಲ ಹೋಯಿತು. ಇಗ್ನಿಷನ್ ಟೈಮಿಂಗ್ (ಸಿಲಿಂಡರಿನಲ್ಲಿ ಕಿಡಿ ಹಾರುವ ಕ್ಷಣ) ಕೂಡ ನೋಡಿಸಿ. ಕಿಡಿ ತಡವಾಗಿ ಹಾರುತ್ತಿದ್ದರೆ ಯಾವ ಫ್ಯಾನ್ ಹಾಕಿದರೂ ಇಂಜಿನ್ ಬಿಸಿಯೇ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಗ್ರಿಲ್ ಮತ್ತು ರೇಡಿಯೇಟರ್ ನಡುವೆ ಎಂಜಿಬಿಯಲ್ಲಿ ಸಾಕಷ್ಟು ಜಾಗ ಇದೆ. ಒಳಗೆ ಬಂದ ಗಾಳಿ ರೇಡಿಯೇಟರ್ ಮೂಲಕವೇ ಹೋಗಬೇಕು ಅಂತೇನಿಲ್ಲ, ಸಂದಿ ಸಿಕ್ಕ ಕಡೆ ತಪ್ಪಿಸಿಕೊಳ್ಳುತ್ತದೆ. ಸುತ್ತಲಿನ ಆ ಸಂದಿಗಳಿಗೆ ದಪ್ಪ ಫೋಮ್ ಪಟ್ಟಿ ಅಂಟಿಸಿ. ಇದರಿಂದ ಹೈವೇನಲ್ಲಿ ಬಂದ ವ್ಯತ್ಯಾಸ ನನಗೆ ಮುಳ್ಳಿನಲ್ಲೇ ಕಂಡಿತು.

ಈಗ ಫ್ಯಾನಿಗೆ ಬರೋಣ. ಮೂರು ರೆಕ್ಕೆಯ ಮೂಲ ಫ್ಯಾನ್ ಇಂಗ್ಲೆಂಡಿನ ಹವೆಗೆ ಮಾಡಿದ್ದು. ಈ ಕಾರು 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು, ಅಲ್ಲಿ ಬೇಸಿಗೆ ಅಂದರೆ ನಮ್ಮ ಡಿಸೆಂಬರ್ ಅಲ್ವಾ. ನೀರಿನ ಪಂಪಿನ ಮೂಗಿಗೆ ಬೋಲ್ಟ್ ಆಗಿರುವ ಈ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ. ಇಂಜಿನ್ ನಿಧಾನ ಆದರೆ ಇದೂ ನಿಧಾನ. ಗಾಳಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆ ಕೊಡುತ್ತದೆ.

ಇದನ್ನು ನೋಡಲು ಪೇಪರ್ ಪರೀಕ್ಷೆ ಸಾಕು. ಇಂಜಿನ್ ಐಡಲ್‌ನಲ್ಲಿ ಬಿಟ್ಟು, ದಿನಪತ್ರಿಕೆಯ ಒಂದು ಹಾಳೆಯನ್ನು ರೇಡಿಯೇಟರ್ ಮುಂಭಾಗಕ್ಕೆ ಹಿಡಿಯಿರಿ. ಗಾಳಿ ಎಳೆಯುತ್ತಿರುವ ಕಡೆ ಹಾಳೆ ಅಂಟಿಕೊಳ್ಳುತ್ತದೆ. ಮೂರು ರೆಕ್ಕೆಯ ಫ್ಯಾನಿಗೆ ಹಾಳೆ ನಡುವೆ ಮಾತ್ರ ಸ್ವಲ್ಪ ಒಳಕ್ಕೆ ಬಾಗಿತು. ನಾಲ್ಕೂ ಮೂಲೆಗಳು ಪಟಪಟ ಅನ್ನುತ್ತಲೇ ಇದ್ದವು. ಅಷ್ಟು ತಾಮ್ರ ಅಲ್ಲಿ ಸುಮ್ನೆ ಕೂತಿದೆ.

ಗೋಕುಲ ರೋಡಿನಲ್ಲಿ ಅಂಬಾಸಿಡರ್ ಕೆಲಸ ಮಾಡಿಯೇ ಕೂದಲು ಬೆಳ್ಳಗಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಎಂಜಿಬಿಯ 1798 ಸಿಸಿ ಇಂಜಿನ್ನೂ ಒಂದೇ ಮನೆತನದವು. ಎರಡೂ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್. ಹಾಗಾಗಿ ಕಾಕಾಗೆ ಬಾನೆಟ್ ಎತ್ತಿದ ಕೂಡಲೇ ಎಲ್ಲ ಪರಿಚಯದ್ದೇ. ಫ್ಯಾನ್ ಬದಲಿಸಬೇಕು ಅಂದಾಗ ಅವರು ರೆಕ್ಕೆಯ ಅಂಚಿನ ಹತ್ತಿರ ಕೈ ಹಿಡಿದು ತೋರಿಸಿದರು. "ತಮ್ಮಾ, ಫ್ಯಾನಿಂದ ಏನೂ ತಪ್ಪಿಲ್ಲೋ. ಅದು ಮುಂದಿಂದ ಎಳಿಯೂದ ಬಿಟ್ಟು ಬಾಜೂದ ಗಾಳೀನ ತಿರುಗಿಸಾಕತ್ತೈತಿ. ಮೊದಲ ಅದಕ್ಕೊಂದು ಡಬ್ಬಿ ಮಾಡಸು."

ಕಾಕಾ ಹೇಳಿದ್ದು ಅಕ್ಷರಶಃ ಸರಿ. ಶ್ರೌಡ್ ಇಲ್ಲದ ಫ್ಯಾನ್, ತೂತು ಬಿದ್ದ ಸ್ಟ್ರಾದಿಂದ ಎಳನೀರು ಕುಡಿದ ಹಾಗೆ. ರೇಡಿಯೇಟರ್‌ನ ತೆಳು ರೆಕ್ಕೆಗಳ ನಡುವಿನಿಂದ ಗಾಳಿ ಎಳೆಯುವುದು ಕಷ್ಟ, ಪಕ್ಕದಿಂದ ಎಳೆಯುವುದು ಸುಲಭ. ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಅದರಲ್ಲೂ ಪಕ್ಕದಿಂದ ಬರುವುದು ಇಂಜಿನ್ ಕಡೆಯ ಬಿಸಿ ಗಾಳಿ.

ತಗಡಿನ ಶ್ರೌಡ್ ಮಾಡಿಸುವುದು ಹುಬ್ಬಳ್ಳಿಯಲ್ಲಿ ಕಷ್ಟದ ಕೆಲಸವಲ್ಲ. ಮೊದಲು ರಟ್ಟಿನಲ್ಲಿ ಕತ್ತರಿಸಿ ಅಳತೆ ತೆಗೆದೆ. ಆಮೇಲೆ ತಗಡಿನ ಕೆಲಸದವರ ಹತ್ತಿರ ಜಿಐ ಶೀಟಿನಲ್ಲಿ (ಸತುವಿನ ಲೇಪದ ತಗಡು) ಬಾಗಿಸಿ, ನಡುವೆ ದುಂಡಗಿನ ಕಿಂಡಿ ತೆಗೆಸಿದೆ. ಇಲ್ಲಿ ಎರಡು ಅಳತೆ ಮುಖ್ಯ. ಒಂದು, ರೆಕ್ಕೆಯ ತುದಿಗೂ ಶ್ರೌಡ್ ಅಂಚಿಗೂ ನಡುವಿನ ಅಂತರ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ರೇಡಿಯೇಟರ್ ಬಾಡಿಗೆ ಬಿಗಿದಿದೆ. ಹಾಗಾಗಿ ಇಂಜಿನ್ ಫ್ಯಾನಿಗೆ ಸುತ್ತಲೂ 15ರಿಂದ 20 ಮಿ.ಮೀ. ಬಿಡಲೇಬೇಕು. ಕಡಿಮೆ ಬಿಟ್ಟರೆ ಕ್ಲಚ್ ಬಿಟ್ಟಾಗ ರೆಕ್ಕೆ ತಗಡಿಗೆ ಬಡಿಯುತ್ತದೆ. ಎರಡು, ಆಳ. ರೆಕ್ಕೆಯ ಅಗಲದ ಅರ್ಧದಷ್ಟು ಶ್ರೌಡ್ ಒಳಗೆ, ಅರ್ಧ ಹೊರಗೆ ಇರಬೇಕು. ಪೂರ್ತಿ ಒಳಗೆ ಹೂತರೆ ಗಾಳಿ ಹಿಂದಕ್ಕೆ ಚೆಲ್ಲುವುದಕ್ಕೆ ಜಾಗ ಸಿಗುವುದಿಲ್ಲ.

ಏಳು ರೆಕ್ಕೆ ಫ್ಯಾನ್ ಜೊತೆ ಈ ಶ್ರೌಡ್ ಹಾಕಿ ಪೇಪರ್ ಹಿಡಿದಾಗ ಮೂಲೆಗಳೂ ಅಂಟಿಕೊಂಡವು. ಒಂದು ದಿನ ಬೇಕೆಂದೇ ಶ್ರೌಡ್ ಮಾತ್ರ ಬಿಚ್ಚಿ, ಫ್ಯಾನ್ ಹಾಗೇ ಇಟ್ಟು ನೋಡಿದೆ. ಮೂರು ರೆಕ್ಕೆಗಿಂತ ವಾಸಿ, ಆದರೆ ಮೂಲೆಗಳು ಮತ್ತೆ ಸಡಿಲ. ಟ್ರಾಫಿಕ್‌ನಲ್ಲಿ ಶ್ರೌಡ್ ಇದ್ದಾಗ ಇನ್‌ಫ್ರಾರೆಡ್ ಥರ್ಮಾಮೀಟರ್ ರೇಡಿಯೇಟರ್‌ನ ಮೇಲಿನ ಟ್ಯಾಂಕಿನಲ್ಲಿ 93–94 ಡಿಗ್ರಿ ತೋರಿಸುತ್ತಿತ್ತು. ಶ್ರೌಡ್ ಬಿಚ್ಚಿದರೆ 100ರ ಆಸುಪಾಸು. ಮೂಲ ಫ್ಯಾನ್ ಇದ್ದಾಗ ಅದು 100 ದಾಟಿಯೂ ಏರುತ್ತಲೇ ಇತ್ತು. ಫ್ಯಾನ್ ಬದಲಿಸಿದ್ದಕ್ಕಿಂತ ಶ್ರೌಡ್ ಹಾಕಿದ್ದರಿಂದಲೇ ಜಾಸ್ತಿ ಲಾಭ ಆಯಿತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ಜೋಡಣೆಯ ಅಸಲಿ ತಾಕತ್ತು ಗೊತ್ತಾಗಿದ್ದು ಅರಬೈಲ್ ಘಾಟಿಯಲ್ಲಿ. ಅಂಕೋಲಾದಿಂದ ಯಲ್ಲಾಪುರದ ಕಡೆ ಹತ್ತುವಾಗ ಮುಂದೆ ಲೋಡ್ ಲಾರಿ ಇರುತ್ತದೆ. ವೇಗ ಗಂಟೆಗೆ 20 ಕಿ.ಮೀ., ಗೇರ್ ಎರಡನೆಯದು, ಇಂಜಿನ್ ಮಾತ್ರ ಜೋರಾಗಿ ದುಡಿಯುತ್ತಿರುತ್ತದೆ. ಎದುರುಗಾಳಿ ಇಲ್ಲ. ಆದರೆ ಇಂಜಿನ್ ಐಡಲ್‌ಗಿಂತ ಜೋರಾಗಿ ತಿರುಗುತ್ತಿರುವುದರಿಂದ ಬೆಲ್ಟ್ ಫ್ಯಾನ್ ಭರ್ಜರಿಯಾಗಿ ಎಳೆಯುತ್ತದೆ. ಘಾಟಿ ಮುಗಿಯುವವರೆಗೂ ಮುಳ್ಳು ಗಾಬರಿ ಹುಟ್ಟಿಸಲಿಲ್ಲ. ನಾಲ್ಕರಲ್ಲಿ ಘಾಟಿಗೆ ಇದೇ ಮೊದಲು.

ಕೊರತೆ ಏನೆಂದರೆ ಸದ್ದು ಮತ್ತು ಶಕ್ತಿಯ ನಷ್ಟ. ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಇಂಜಿನ್ ವೇಗ ಎರಡು ಪಟ್ಟಾದರೆ ಫ್ಯಾನ್ ತಿನ್ನುವ ಶಕ್ತಿ ಎಂಟು ಪಟ್ಟು. ಹೈವೇನಲ್ಲಿ ಅದರ ಅಗತ್ಯವೇ ಇಲ್ಲದಾಗ ಅದು ಗುಂಯ್ ಅನ್ನುತ್ತಾ ತಿನ್ನುತ್ತಲೇ ಇರುತ್ತದೆ. ಟಾಪ್ ತೆಗೆದು ಓಡಿಸುವ ಕಾರಿನಲ್ಲಿ ಆ ಸದ್ದು ಕಿವಿಗೆ ಹೊಡೆಯುತ್ತದೆ.

ಎಲೆಕ್ಟ್ರಿಕ್ ಫ್ಯಾನಿಗೆ ಹೋಗಿದ್ದು ಇದಕ್ಕೇ. ಇದು ಕಾರಿನ ಮೂಲಕ್ಕೆ ದ್ರೋಹ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. 1973ರಲ್ಲಿ ಬಂದ ಎಂಟು ಸಿಲಿಂಡರಿನ ಎಂಜಿಬಿ ಜಿಟಿ ವಿ8ಗೆ ಕಂಪನಿಯವರೇ ಎಲೆಕ್ಟ್ರಿಕ್ ಫ್ಯಾನ್ ಕೊಟ್ಟಿದ್ದರು. ನಾಲ್ಕು ಸಿಲಿಂಡರ್ ಕಾರಿಗೂ 1977ರ ಮಾಡೆಲ್‌ನಿಂದ ಕೊಟ್ಟರು.

ಹುಬ್ಬಳ್ಳಿಯಲ್ಲಿ ಯಾರನ್ನೇ ಕೇಳಿ, ಮೊದಲ ಸಲಹೆ ಮಾರುತಿ 800ರ ಫ್ಯಾನ್. ಒಳ್ಳೆಯ ಫ್ಯಾನ್, ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಹಳೇ ಎಂಜಿಬಿಯಲ್ಲಿ ರೇಡಿಯೇಟರ್‌ಗೂ ಪಂಪಿಗೂ ನಡುವೆ ಜಾಗ ತೀರಾ ಕಡಿಮೆ. ಅದರ ಉದ್ದ ಮೋಟಾರು ನನ್ನ ಕಾರಿನಲ್ಲಿ ಕೂರುವುದಿಲ್ಲ ಅಂತ ಸ್ಕೇಲ್ ಹಿಡಿದಾಗಲೇ ಗೊತ್ತಾಯಿತು. ಹಾಗಾಗಿ 12 ಇಂಚಿನ ತೆಳು ಮೋಟಾರಿನ ಫ್ಯಾನ್ ತರಿಸಿದೆ. ಇದರ ರೆಕ್ಕೆ ತಿರುವಿ ಹಾಕಬಹುದು, ಅಂದರೆ ಮುಂದಿನಿಂದ ತಳ್ಳುವುದಕ್ಕೂ ಹಿಂದಿನಿಂದ ಎಳೆಯುವುದಕ್ಕೂ ಆಗುತ್ತದೆ. ಒಂದೇ ಮೋಟಾರಿನಿಂದ ಎರಡೂ ಕಡೆ ನೋಡುವ ಅವಕಾಶ ಸಿಕ್ಕಿತು.

ಮುಂದೆ ಕೂರಿಸುವುದು ಸುಲಭ, ಒಂದು ಮಧ್ಯಾಹ್ನದ ಕೆಲಸ. ಫಲಿತಾಂಶ ಸಾಧಾರಣ. ತಳ್ಳುವ ಫ್ಯಾನ್ ತನ್ನ ಎದುರಿನ ದುಂಡು ಜಾಗಕ್ಕೆ ಮಾತ್ರ ಗಾಳಿ ಕೊಡುತ್ತದೆ. ಹೈವೇನಲ್ಲಿ ಮೋಟಾರು, ರೆಕ್ಕೆ, ಚೌಕಟ್ಟು ಎಲ್ಲ ಸೇರಿ ಬರುವ ಗಾಳಿಗೇ ಅಡ್ಡ ನಿಲ್ಲುತ್ತವೆ. ಧಾರವಾಡ ಬೈಪಾಸ್‌ನಲ್ಲಿ ಮುಳ್ಳು ಮೊದಲಿಗಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತಿತ್ತು. ಕೋರ್‌ನ ನಡುವಿನಿಂದ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಟೈಗಳನ್ನು ಮಾತ್ರ ಬಳಸಬೇಡಿ. ನಮ್ಮ ರಸ್ತೆಯ ಕುಲುಕಾಟಕ್ಕೆ ಅವು ತಾಮ್ರದ ಕೊಳವೆಯನ್ನೇ ಉಜ್ಜಿ ತೂತು ಮಾಡುತ್ತವೆ. ಪಟ್ಟಿ ಹಾಕಿ ಬಾಡಿಗೆ ಬೋಲ್ಟ್ ಮಾಡಿ.

ಹಿಂದೆ ಕೂರಿಸುವುದಕ್ಕೆ ತಾಳ್ಮೆ ಬೇಕು. ರೆಕ್ಕೆ ತಿರುವಿ ಹಾಕಿ, ಮೋಟಾರಿನ ಎರಡು ವೈರುಗಳನ್ನೂ ಅದಲುಬದಲು ಮಾಡಬೇಕು. ರೆಕ್ಕೆ ಮಾತ್ರ ತಿರುವಿದರೆ ಗಾಳಿಯ ದಿಕ್ಕು ಬದಲಾಗುವುದಿಲ್ಲ, ವೈರು ಮಾತ್ರ ಬದಲಿಸಿದರೆ ಗಾಳಿಯ ಜೋರು ಕಡಿಮೆಯಾಗುತ್ತದೆ. 1967ರ ಕೊನೆಯವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ ಅನ್ನುವುದೂ ನೆನಪಿರಲಿ. ಪುಸ್ತಿಕೆಯಲ್ಲಿ ಕೆಂಪು ವೈರ್, ಕಪ್ಪು ವೈರ್ ಅಂತ ಬರೆದಿದ್ದನ್ನು ನಂಬಬೇಡಿ, ಪೇಪರ್ ಹಿಡಿದು ದಿಕ್ಕು ನೋಡಿ.

ಅಲ್ಯೂಮಿನಿಯಂ ಶ್ರೌಡ್ ಕೋರ್ ಪೂರ್ತಿ ಮುಚ್ಚುವಂತಿದೆ. ಕೋರ್‌ನಿಂದ ಫ್ಯಾನಿಗೆ ಒಂದು ಇಂಚು ಅಂತರ ಬಿಡಿಸಿದ್ದೇನೆ. ಅಂತರ ಇಲ್ಲದಿದ್ದರೆ ಮೂಲೆಯ ಗಾಳಿ ಫ್ಯಾನಿನವರೆಗೆ ಬರುವುದಕ್ಕೆ ದಾರಿಯೇ ಇರುವುದಿಲ್ಲ. ಪಂಪಿನ ಮೂಗು ತಪ್ಪಿಸಲು ಫ್ಯಾನನ್ನು ನಡುವಿನಿಂದ ಪಕ್ಕಕ್ಕೆ ಸರಿಸಿದೆ. ಫ್ಯಾನ್ ಶ್ರೌಡ್‌ಗೇ ಬಿಗಿಯಾಗಿರುವುದರಿಂದ ರೆಕ್ಕೆಯ ತುದಿಗೆ ಕೆಲವೇ ಮಿ.ಮೀ. ಅಂತರ ಸಾಕು. ಹೈವೇನಲ್ಲಿ ಇಂಥ ಪೂರ್ತಿ ಶ್ರೌಡ್ ಗಾಳಿಗೆ ಅಡ್ಡಿ ಆಗಬಾರದು ಅಂತ ಫ್ಯಾನ್ ಇಲ್ಲದ ಕಡೆ ಉದ್ದ ಕಿಂಡಿ ಕತ್ತರಿಸಿ, ಲಾರಿ ಟ್ಯೂಬಿನ ರಬ್ಬರ್ ಪರದೆ ಇಳಿಬಿಟ್ಟೆ. ಫ್ಯಾನ್ ಎಳೆಯುವಾಗ ಪರದೆ ಮುಚ್ಚಿಕೊಳ್ಳುತ್ತದೆ, ವೇಗದಲ್ಲಿ ಗಾಳಿ ನೂಕಿದಾಗ ತೆರೆದುಕೊಳ್ಳುತ್ತದೆ.

ಊರೊಳಗೆ ಇದಕ್ಕೆ ಸಾಟಿಯೇ ಇಲ್ಲ. ದುರ್ಗದಬೈಲ್‌ನ ಸಂಜೆ ಗದ್ದಲದಲ್ಲೂ ಟ್ಯಾಂಕ್ 92 ಡಿಗ್ರಿ ಮುಟ್ಟಿದ ಕೂಡಲೇ ಫ್ಯಾನ್ ಶುರು, 87ಕ್ಕೆ ಇಳಿದರೆ ಬಂದ್. ಫ್ಯಾನನ್ನು ಬಿಸಿ ನೋಡಿ ಹೀಗೆ ಶುರು-ಬಂದ್ ಮಾಡುವ ಥರ್ಮೋ ಸ್ವಿಚ್‌ನ ಬಂದ್ ಆಗುವ ಅಂಕಿ ಥರ್ಮೋಸ್ಟಾಟ್‌ಗಿಂತ ಮೇಲಿರಲೇಬೇಕು, ಇಲ್ಲವಾದರೆ ಫ್ಯಾನ್ ನಿಲ್ಲುವುದೇ ಇಲ್ಲ. ಘಾಟಿಯಲ್ಲಿ ಬೆಲ್ಟ್ ಫ್ಯಾನಿನಷ್ಟು ಜೋರಿಲ್ಲ. ಲಾರಿ ಹಿಂದೆ ಹತ್ತುವಾಗ ಫ್ಯಾನ್ ಒಂದೇ ಸಮ ಓಡುತ್ತಿತ್ತು, ಮುಳ್ಳು 97ರ ಹತ್ತಿರ ನಿಂತಿತು. ಹೈವೇನಲ್ಲಿ ಫ್ಯಾನ್ ಸುಮ್ಮನಿರುತ್ತದೆ, ಇಂಜಿನ್ನಿನ ಸದ್ದು ಮಾತ್ರ ಕೇಳುತ್ತದೆ. ಆ ಸುಖಕ್ಕೇ ಅಲ್ಲವೇ ಇಂಥ ಕಾರು ಇಟ್ಟುಕೊಳ್ಳುವುದು?

ಆದರೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಹಳೇ ಬಗೆಯ ಜನರೇಟರ್) ಇರುವ ಕಾರಿಗೆ ಇದನ್ನು ಹಾಕಬೇಡಿ ಅಂತಲೇ ಹೇಳುತ್ತೇನೆ. ಲುಕಾಸ್ ಸಿ40 ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್, ಅದೂ ಇಂಜಿನ್ ಜೋರಾಗಿ ತಿರುಗುವಾಗ. ಐಡಲ್‌ನಲ್ಲಿ ಏನೂ ಇಲ್ಲ ಅಂದರೂ ನಡೆದೀತು. ಇಗ್ನಿಷನ್ನಿಗೆ ನಾಲ್ಕು, ರಾತ್ರಿ ದೀಪಗಳಿಗೆ ಹತ್ತು, ಫ್ಯಾನಿಗೆ ಎಂಟು ಅಂತ ಲೆಕ್ಕ ಹಾಕಿ. ಸಿಗ್ನಲ್‌ನಲ್ಲಿ ನಿಂತಷ್ಟು ಹೊತ್ತೂ ಅದೆಲ್ಲ ಬ್ಯಾಟರಿಯಿಂದಲೇ ಹೋಗುತ್ತದೆ. ನಾನು ನೆಗೆಟಿವ್ ಅರ್ಥ್‌ಗೆ ಬದಲಿಸಿ ಐಡಲ್‌ನಲ್ಲೂ ಚಾರ್ಜ್ ಕೊಡುವ ಆಲ್ಟರ್ನೇಟರ್ ಹಾಕಿಸಿದ ಮೇಲೆಯೇ ಎಲೆಕ್ಟ್ರಿಕ್ ಫ್ಯಾನಿಗೆ ಕೈ ಹಾಕಿದ್ದು. ಹಾಗೆ ಬದಲಿಸುವಾಗ ಇಂಜಿನ್ ವೇಗ ತೋರಿಸುವ ಎಲೆಕ್ಟ್ರಾನಿಕ್ ಟ್ಯಾಕೋಮೀಟರ್‌ನ ಒಳಗಿನ ವೈರಿಂಗ್ ಕೂಡ ಬದಲಿಸಬೇಕಾಗುತ್ತದೆ, ಅದಕ್ಕೆ ಕೈ ಪಳಗಿದ ಆಟೋ ಎಲೆಕ್ಟ್ರೀಷಿಯನ್ ಬೇಕು. ಇದಿಷ್ಟು ಖರ್ಚು ಬೇಡ, ಕಾರು ಮೂಲದ ಹಾಗೇ ಇರಲಿ ಅನ್ನುವವರಿಗೆ ಏಳು ರೆಕ್ಕೆ ಮತ್ತು ತಗಡಿನ ಶ್ರೌಡ್ ಸಾಕು, ಧೈರ್ಯವಾಗಿ ಹಾಕಿ. ಕಾರವಾರ, ಗೋವಾ ಅಂತ ಘಾಟಿ ಹೆಚ್ಚು ಹತ್ತಿಳಿಯುವವರಿಗೂ ಅದೇ.

ಫ್ಯಾನಿನ ಕರೆಂಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ಹರಿಸಬೇಡಿ. ಶುರುವಾಗುವ ಕ್ಷಣದಲ್ಲಿ ಮೋಟಾರು ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ, ಅರವತ್ತು ವರ್ಷದ ವೈರು ತಡೆಯುವುದಿಲ್ಲ. 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸಿ ನಿಲ್ಲಿಸುವ ಸ್ವಿಚ್), ಬೇರೆಯದೇ ಫ್ಯೂಸ್, 4 ಚದರ ಮಿ.ಮೀ. ವೈರ್ ಹಾಕಿಸಿ. ಸ್ವಿಚ್ ರಿಲೇಗೆ ಮಾತ್ರ.

ಕೀ ತೆಗೆದ ಮೇಲೂ ಫ್ಯಾನ್ ಓಡಬೇಕೇ ಬೇಡವೇ ಅನ್ನುವುದನ್ನು ರಿಲೇ ವೈರಿಂಗ್ ಮಾಡಿಸುವಾಗಲೇ ನಿರ್ಧರಿಸಿ. ಧಾರವಾಡದ ಲೈನ್ ಬಜಾರ್‌ನಲ್ಲಿ ಪೇಡೆಗೆ ಅಂತ ಕಾರು ನಿಲ್ಲಿಸಿ ಇಳಿದರೆ ನೀರಿನ ಓಡಾಟ ನಿಲ್ಲುತ್ತದೆ, ಇಂಜಿನ್ನಿನ ಬಿಸಿ ಕಾರ್ಬೊರೇಟರ್‌ಗೆ ಏರುತ್ತದೆ, ವಾಪಸ್ ಬಂದಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸ್ವಲ್ಪ ಹೊತ್ತು ಫ್ಯಾನ್ ಓಡಿದರೆ ಈ ತೊಂದರೆ ಕಡಿಮೆ. ಆದರೆ ಸೀಟಿನ ಹಿಂದಿನ ಎರಡು ಆರು ವೋಲ್ಟ್ ಬ್ಯಾಟರಿಗಳಿಗೆ ವಯಸ್ಸಾಗಿದ್ದರೆ ಅದು ದುಬಾರಿ ಸುಖ. ನಾನು ರಿಲೇಯನ್ನು ಇಗ್ನಿಷನ್ ಲೈನಿಗೆ ಕೊಟ್ಟಿದ್ದೇನೆ. ಬೇಕೆಂದಾಗ ಕೀಯನ್ನು ಒಂದು ಹಂತ ತಿರುವಿ ಒಂದೆರಡು ನಿಮಿಷ ಫ್ಯಾನ್ ಓಡಿಸುತ್ತೇನೆ. ಅದಕ್ಕಿಂತ ಹೆಚ್ಚು ಹೊತ್ತು ಕೀ ಹಾಗೆ ಬಿಡುವಂತಿಲ್ಲ, ಕಾಯಿಲಿನ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ಮುಚ್ಚಿದ್ದರೆ ಇಗ್ನಿಷನ್ ಕಾಯಿಲ್ ಬಿಸಿಯಾಗುತ್ತದೆ.