ಶೆಫೀಲ್ಡ್‌ನ ಹದಿನೇಳು ದಿನವೋ, ಲಂಡನ್ನಿನ ಒಂದು ವಾರವೋ?

ಇಂಗ್ಲೆಂಡಿಗೆ ಹೋಗುವವರು ಒಂದೇ ಸ್ನೂಕರ್ ಟೂರ್ನಿ ನೋಡಬಹುದಾದರೆ ಆಯ್ಕೆ ಎರಡರ ನಡುವೆ: ಜನವರಿಯ ಮಾಸ್ಟರ್ಸ್ ಅಥವಾ ಏಪ್ರಿಲ್‌ನಲ್ಲಿ ಶುರುವಾಗಿ ಮೇ ಆರಂಭದವರೆಗೆ ನಡೆಯುವ ವಿಶ್ವ ಚಾಂಪಿಯನ್‌ಷಿಪ್.

ಟಿಕೆಟ್ ಕೊಳ್ಳುವ ಮೊದಲು ಪಂದ್ಯದ ಉದ್ದ ನೋಡಿ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ನಡೆಯುವ ಮಾಸ್ಟರ್ಸ್‌ನಲ್ಲಿ ಫೈನಲ್‌ಗೆ ಮುಂಚಿನ ಪಂದ್ಯಗಳು ಹೆಚ್ಚೆಂದರೆ 11 ಫ್ರೇಮ್‌ಗಳವು (ಫ್ರೇಮ್ ಎಂದರೆ ಪಂದ್ಯದೊಳಗಿನ ಒಂದು ಆಟ). ಮೊದಲು 6 ಗೆದ್ದವರಿಗೆ ಜಯ. ಒಂದೇ ಸಲ ಕೂತಲ್ಲಿ ಆರಂಭವೂ ಅಂತ್ಯವೂ ಕಾಣುತ್ತವೆ. ವಿಶ್ವ ಚಾಂಪಿಯನ್‌ಷಿಪ್ ನಡೆಯುವ ಶೆಫೀಲ್ಡ್‌ನಲ್ಲಿ ಮೊದಲ ಸುತ್ತೇ 19 ಫ್ರೇಮ್, ಎರಡು ಅವಧಿಗಳಲ್ಲಿ ಹಂಚಿಕೆ. ಫೈನಲ್ 35 ಫ್ರೇಮ್, ಎರಡು ದಿನ. ಒಂದು ಟಿಕೆಟ್ ಹಿಡಿದು ಹೋದವರು ಕಥೆಯ ನಡುವೆ ಎದ್ದು ಬರಬೇಕಾದೀತು.

ಮಾಸ್ಟರ್ಸ್‌ಗೆ ಅಗ್ರ 16 ಆಟಗಾರರಿಗಷ್ಟೇ ಆಹ್ವಾನ, ರ‍್ಯಾಂಕಿಂಗ್ ಅಂಕಗಳಿಲ್ಲ. ಮೊದಲ ದಿನದಿಂದಲೇ ಘಟಾನುಘಟಿಗಳು, ಗದ್ದಲದ ಜನ.

ಆದರೂ ನನ್ನ ಒಲವು ಶೆಫೀಲ್ಡ್‌ಗೇ. 1977ರಿಂದ ಟೂರ್ನಿ ನಡೆಯುತ್ತಿರುವ ಕ್ರೂಸಿಬಲ್ ರಂಗಮಂದಿರದಲ್ಲಿ ಸಾವಿರಕ್ಕೂ ಕಡಿಮೆ ಆಸನಗಳು; ಮುಂದಿನ ಸಾಲಿನವರಿಗೆ ಆಟಗಾರನ ಮುಖದ ಗೆರೆಯೂ ಕಾಣುತ್ತದೆ. ಅರ್ಹತಾ ಸುತ್ತು ದಾಟಿ ಬಂದ 16 ಮಂದಿ ಅಗ್ರ ಶ್ರೇಯಾಂಕಿತರನ್ನು ಎದುರಿಸುವ ಮೊದಲ ಸುತ್ತಿನಲ್ಲಿ ಅಚ್ಚರಿಗಳಿಗೆ ಬರವಿಲ್ಲ. ಆಗ ಎರಡು ಮೇಜುಗಳ ನಡುವೆ ಅಡ್ಡಗೋಡೆ ಇರುತ್ತದೆ, ಪಕ್ಕದ ಚಪ್ಪಾಳೆ ಏಕಾಗ್ರತೆ ಕದಡುತ್ತದೆ. ಸೆಮಿಫೈನಲ್‌ನಿಂದ ಒಂದೇ ಮೇಜು.

ಮೊದಲ ಸಲ ಸ್ನೂಕರ್ ನೋಡುವವರು, ಜೊತೆಗೆ ಮಕ್ಕಳಿರುವವರು ಲಂಡನ್ನಿಗೇ ಹೋಗಲಿ.