ಹಾಸನದ ಬಾಡಿಗೆ ಕ್ಯಾಂಪರ್ ವ್ಯಾನ್: ಹಾಸಿಗೆಗೆ ಹತ್ತಕ್ಕೆ ಎಂಟು, ಬ್ಯಾಟರಿಗೆ ಐದು, ಜಾಹೀರಾತಿಗೆ ಸೊನ್ನೆ

ಮಾರುತಿ ಈಕೊ ಗಾಡಿಯ ಹಿಂದಿನ ಸೀಟುಗಳನ್ನು ಕಿತ್ತು, ಪ್ಲೈವುಡ್ ಮಂಚ ಹೂಡಿ, ನೆತ್ತಿಯ ಮೇಲೊಂದು ಸೋಲಾರ್ ಪ್ಯಾನೆಲ್ ಕೂರಿಸಿದ್ದಾರೆ. ಇಬ್ಬರಿಗೆ ಮಾತ್ರ. ದಿನಕ್ಕೆ 3,800 ರೂಪಾಯಿ ಬಾಡಿಗೆ, 10,000 ಠೇವಣಿ, ದಿನಕ್ಕೆ 150 ಕಿ.ಮೀ. ಮಿತಿ, ಮೀರಿದರೆ ಕಿ.ಮೀ.ಗೆ 10 ರೂಪಾಯಿ. ಪೆಟ್ರೋಲು ಬಾಡಿಗೆಗೆ ಪಡೆದವರದ್ದು. ಜಾಹೀರಾತಿನಲ್ಲಿ ಎರಡು ಮಾತಿವೆ: ಹೋಮ್‌ಸ್ಟೇಗಿಂತ ಅಗ್ಗ, ಎಲ್ಲಿ ಬೇಕಾದರೂ ಮಲಗಬಹುದು. ಮೊದಲನೆಯದು ಅರ್ಧ ಸತ್ಯ. ಎರಡನೆಯದನ್ನು ನಂಬಿ ಮಲೆನಾಡಿಗೆ ಹೋಗಬೇಡಿ.

ಮೊದಲು ದುಡ್ಡಿನ ಮಾತು ಮುಗಿಸೋಣ. ಇಬ್ಬರು, ಮೂರು ಹಗಲು, ಎರಡು ರಾತ್ರಿಯ ಸುತ್ತು: ಹಾಸನ, ಹಳೇಬೀಡು, ಬೇಲೂರು, ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರ, ಮತ್ತೆ ಹಾಸನ. ಅಡ್ಡದಾರಿಗಳನ್ನೂ ಸೇರಿಸಿದರೆ ಸುಮಾರು 320 ಕಿ.ಮೀ. ಸಾಮಾನು ತುಂಬಿ ಏರುದಾರಿಯಲ್ಲಿ ಹೋಗುವ ಈ ಗಾಡಿ ಲೀಟರಿಗೆ 12 ಕೊಟ್ಟರೆ ಪುಣ್ಯ. ಪೆಟ್ರೋಲು ಲೀಟರಿಗೆ 103 ಎಂದು ಹಿಡಿದರೆ 2,750 ರೂಪಾಯಿ. ಮೂರು ಹಗಲಿನ ಬಾಡಿಗೆ 11,400, ಎರಡು ರಾತ್ರಿ ಯಾರದಾದರೂ ಅಂಗಳದಲ್ಲಿ ನಿಲ್ಲಿಸಿದ್ದಕ್ಕೆ 1,000, ದಿನಸಿ ತರಕಾರಿಗೆ 1,200. ಒಟ್ಟು 16,350. ಸ್ವಂತ ಕಾರಿದ್ದವರು ತಲೆಗೆ 2,500ರ ಹೋಮ್‌ಸ್ಟೇಯಲ್ಲಿ ಊಟ ಸಮೇತ ಎರಡು ರಾತ್ರಿ ಕಳೆದರೆ ಪೆಟ್ರೋಲೂ ಸೇರಿ 12,000ಕ್ಕೆ ಮುಗಿಯುತ್ತದೆ. ಅಂದರೆ ಅವರಿಗೆ ವ್ಯಾನು ನಾಲ್ಕು ಸಾವಿರ ದುಬಾರಿ. ಕಾರನ್ನೂ ಬಾಡಿಗೆಗೇ ಹಿಡಿಯಬೇಕಾದವರಿಗೆ ದಿನಕ್ಕೆ 2,200ರಂತೆ ಇನ್ನೂ 6,600 ಕೂಡುತ್ತದೆ, ಆಗ ವ್ಯಾನು ಎರಡು ಸಾವಿರದಷ್ಟು ಅಗ್ಗ. ಇದೇ ಥರದ ಗಾಡಿಯನ್ನು ಬೆಂಗಳೂರಿನಲ್ಲಿ ಹಿಡಿದರೆ ಹಾಸನಕ್ಕೆ ಹೋಗಿ ಬರುವುದಕ್ಕೇ 370 ಕಿ.ಮೀ. ಖರ್ಚಾಗಿ, ಈ ಉಳಿತಾಯವೂ ಹೊಗೆಯಾಗಿ ಹೋಗುತ್ತದೆ. ಹಾಸನದವರೆಗೆ ರೈಲು, ಆಮೇಲೆ ವ್ಯಾನು. ಲೆಕ್ಕ ಕೂಡುವುದು ಹಾಗೆ ಮಾತ್ರ.

ಹಾಸಿಗೆ ಚೆನ್ನಾಗಿದೆ. ಉದ್ದ 5 ಅಡಿ 10 ಅಂಗುಲ, ಅಗಲ 4 ಅಡಿ, ನಾಲ್ಕು ಅಂಗುಲದ ಗಟ್ಟಿ ಫೋಮ್. ಆರಡಿ ಆಳುಗಳು ಓರೆಯಾಗಿ ಮಲಗಬೇಕು, ಆಗ ಜೊತೆಯವರಿಗೆ ಮೂಲೆಯೇ ಗತಿ. ಕೊರತೆ ಇರುವುದು ಹಾಸಿಗೆಯ ಕೆಳಗೆ. ಪ್ಲೈವುಡ್ಡಿಗೆ ಒಂದು ತೂತೂ ಇಲ್ಲ. ಮುಚ್ಚಿದ ಗಾಡಿಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನ ತೇವವೇ ಅರ್ಧ ಲೀಟರು ದಾಟುತ್ತದೆ. ಅದು ತಣ್ಣನೆಯ ಗಾಜಿನ ಮೇಲೆ ಹನಿಗಟ್ಟುತ್ತದೆ, ಫೋಮಿನ ತಳದಲ್ಲಿ ಕೂತು ಬೂಷ್ಟು ಹಿಡಿಸುತ್ತದೆ. ಎದುರುಬದುರಿನ ಎರಡು ಗಾಜುಗಳನ್ನು ಒಂದೊಂದು ಅಂಗುಲ ಇಳಿಸಿ, ಸೊಳ್ಳೆ ಪರದೆ ಸಿಕ್ಕಿಸಿ ಮಲಗಿ. ಎದ್ದ ಕೂಡಲೇ ಫೋಮನ್ನು ಅರ್ಧ ಗಂಟೆ ನಿಲ್ಲಿಸಿಡಿ. ಗಾಡಿ ತೆಗೆದುಕೊಳ್ಳುವಾಗ ಫೋಮಿನ ತಳವನ್ನು ಮೂಸಿ ನೋಡಿ. ಹಿಂದಿನವರು ಗಾಜು ಮುಚ್ಚಿ ಮಲಗಿದ್ದರೋ ಇಲ್ಲವೋ ವಾಸನೆಯೇ ಹೇಳುತ್ತದೆ. ಇನ್ನೊಂದು ವಿಷಯ: ಈಕೊದ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಘಾಟಿ ಹತ್ತಿ ಬಂದ ಮೇಲೆ ಮುಕ್ಕಾಲು ಗಂಟೆಯಾದರೂ ಒಳಗೆ ಬಿಸಿ ಇರುತ್ತದೆ. ಹಣ್ಣು, ಹಾಲು, ಚಾಕೊಲೇಟನ್ನು ಸೀಟಿನ ಸಂದಿಗೆ ತುರುಕಬೇಡಿ.

ಇನ್ನು ಬ್ಯಾಟರಿ. 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ (ಆಂಪಿಯರ್ ಅವರ್ ಎಂದರೆ ಬ್ಯಾಟರಿಯಲ್ಲಿ ಹಿಡಿಯುವ ಕರೆಂಟಿನ ಅಳತೆ), ಗಾಡಿ ಓಡುವಾಗ ಗಂಟೆಗೆ 20 ಆಂಪಿಯರ್ ಅವರ್ ತುಂಬುವ ಡಿಸಿ ಚಾರ್ಜರ್, ಮೇಲೆ 100 ವ್ಯಾಟ್ ಪ್ಯಾನೆಲ್. ಕಾಗದದ ಮೇಲೆ ಇಷ್ಟು ಸಾಕು. ಪುಟ್ಟ ಕಂಪ್ರೆಸರ್ ಫ್ರಿಜ್ ದಿನಕ್ಕೆ 28 ಆಂಪಿಯರ್ ಅವರ್ ಕುಡಿಯುತ್ತದೆ, ಫ್ಯಾನು ಎಂಟು ಗಂಟೆಗೆ 9, ದೀಪಕ್ಕೆ 3, ಎರಡು ಫೋನಿಗೆ 3. ಒಟ್ಟು 43. ದಿನಕ್ಕೆ ಎರಡು ಗಂಟೆ ಗಾಡಿ ಓಡಿದರೆ ಸರಿಸುಮಾರು ಅಷ್ಟೂ ವಾಪಸ್ಸು. ಬಿಸಿಲಿನಲ್ಲಿ ನಿಂತರೆ ಪ್ಯಾನೆಲ್ಲಿನಿಂದ ಇನ್ನೊಂದು 25. ಆದರೆ ಕಾಫಿ ತೋಟದಲ್ಲಿ ಬಿಸಿಲೆಲ್ಲಿ? ಸಿಲ್ವರ್ ಓಕ್ ನೆರಳಿನಡಿ ಆ ಪ್ಯಾನೆಲ್ ಬರೀ ಅಲಂಕಾರ. ಒಂದೇ ಕಡೆ ಎರಡು ದಿನ ತಂಗುವ ಯೋಚನೆಯಿದ್ದರೆ ಎರಡನೇ ರಾತ್ರಿ ಫ್ರಿಜ್ ಆರಿಸುವುದಕ್ಕೆ ಸಿದ್ಧರಾಗಿ.

ತಾಪತ್ರಯ ಬ್ಯಾಟರಿಯದ್ದಲ್ಲ, ಅದನ್ನು ತೋರಿಸುವ ಮೀಟರಿನದು. ಗಾಡಿಯಲ್ಲಿ ಇರುವುದು ಬರೀ ವೋಲ್ಟ್ ಮೀಟರ್. ಈ ಜಾತಿಯ ಬ್ಯಾಟರಿ ಮುಕ್ಕಾಲು ತುಂಬಿದ್ದಾಗಲೂ ಅರೆಬರೆ ಇದ್ದಾಗಲೂ 13.3 ಮತ್ತು 13.0ರ ನಡುವೆಯೇ ಆಡುತ್ತಿರುತ್ತದೆ. 12.8ಕ್ಕೆ ಇಳಿಯಿತು ಎಂದು ಗೊತ್ತಾಗುವಷ್ಟರಲ್ಲಿ ತಳ ಕಂಡಿರುತ್ತದೆ. ಒಳಕ್ಕೆ ಹೋದ, ಹೊರಕ್ಕೆ ಬಂದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಹಾಕಿಸಬೇಕಿತ್ತು. ಅದರ ಬೆಲೆ ಈ ಗಾಡಿಯ ಒಂದು ದಿನದ ಬಾಡಿಗೆಗಿಂತ ಕಡಿಮೆ. ಎರಡನೇ ತಪ್ಪು ತಂತಿಯದು. ಫ್ರಿಜ್ಜಿಗೆ ತೆಳು ತಂತಿ ಎಳೆದು, ಸಿಗರೇಟ್ ಲೈಟರ್ ಮಾದರಿಯ ಸಡಿಲ ಸಾಕೆಟ್ ಕೊಟ್ಟಿದ್ದಾರೆ. ಕಂಪ್ರೆಸರ್ ಶುರುವಾಗುವ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಬ್ಯಾಟರಿ ಮುಗಿಯಿತೆಂದು ತಿಳಿದು ಫ್ರಿಜ್ ತಾನೇ ಆಫ್ ಆಗುತ್ತದೆ. ಫ್ರಿಜ್ಜಿನ ಬ್ಯಾಟರಿ ಪ್ರೊಟೆಕ್ಷನ್ ಸೆಟ್ಟಿಂಗನ್ನು ‘ಹೈ’ನಿಂದ ‘ಲೋ’ಗೆ ಇಳಿಸಿ, ಪ್ಲಗ್ಗನ್ನು ತಿರುಗಿಸಿ ಬಿಗಿಯಾಗಿ ಕೂರಿಸಿದರೆ ತಾತ್ಕಾಲಿಕ ಪರಿಹಾರ. 600 ವ್ಯಾಟಿನ ಇನ್ವರ್ಟರ್ ಇದೆ ಅಂತ ಮನೆಯ ಕರೆಂಟ್ ಕೆಟಲ್ ತರಬೇಡಿ. 1,500 ವ್ಯಾಟಿನ ಕೆಟಲ್ ಹಾಕಿದ ಗಳಿಗೆಯೇ ಅದು ಟ್ರಿಪ್.

ಒಲೆ ಬ್ಯೂಟೇನ್ ಡಬ್ಬಿಯದು. 230 ಗ್ರಾಂ ಡಬ್ಬಿಯಲ್ಲಿ ಮಧ್ಯಮ ಉರಿ ಒಂದೂವರೆ ಗಂಟೆ ಬರುತ್ತದೆ, ಮೂರು ದಿನಕ್ಕೆ ಮೂರು ಡಬ್ಬಿ ಇರಲಿ. ಚಳಿಯ ಬೆಳಗ್ಗೆ ಉರಿ ಕುಗ್ಗಿದರೆ ಡಬ್ಬಿ ಖಾಲಿಯಾಗಿಲ್ಲ, ತಣ್ಣಗಾಗಿದೆ. ಒಲೆಯಿಂದ ತೆಗೆದು ಎರಡು ನಿಮಿಷ ಅಂಗೈಯಲ್ಲಿ ಹಿಡಿದರೆ ಮತ್ತೆ ಜೀವ ಬರುತ್ತದೆ. ಬಾಗಿಲು ಮುಚ್ಚಿಕೊಂಡು ಒಳಗೆ ಅಡುಗೆ ಮಾಡುವುದು, ಚಳಿ ಅಂತ ಒಲೆ ಹಚ್ಚಿಟ್ಟು ಮಲಗುವುದು ಎರಡೂ ಸಾವಿಗೆ ಕರೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಎಚ್ಚರಿಸುವ ಅಲಾರಂ ಈ ಗಾಡಿಯಲ್ಲಿಲ್ಲ, ಇರಬೇಕಿತ್ತು.

ನೀರಿಗೆ 20 ಲೀಟರಿನ ಎರಡು ಕ್ಯಾನ್, ಕಾಲಲ್ಲಿ ಒತ್ತುವ ಪಂಪು. ಇಬ್ಬರಿಗೆ ದಿನಕ್ಕೆ 12 ಲೀಟರು ಸಾಕು, ಹಾಗಾಗಿ ಒಂದೇ ಕ್ಯಾನ್ ತುಂಬಿಸಿ, ಏರಿಗೆ 20 ಕೆ.ಜಿ. ಕಡಿಮೆಯಾದರೂ ಆಗಲಿ. ಡಬ್ಬಿ ಶೌಚಾಲಯ ಬೇಕೆಂದರೆ ಕೊಡುತ್ತಾರೆ. ಬೇಡವೆನ್ನುವುದೇ ಲೇಸು. ಅದರಲ್ಲಿ ಹಾಕುವ ಫಾರ್ಮಾಲಿನ್ ಬೆರೆತ ನೀಲಿ ದ್ರಾವಣವನ್ನು ಸೆಪ್ಟಿಕ್ ಗುಂಡಿಗೆ ಸುರಿದರೆ ಗುಂಡಿಯ ಬ್ಯಾಕ್ಟೀರಿಯಾ ಸಾಯುತ್ತವೆ, ಹಾಗಾಗಿ ಯಾವ ತೋಟದವರೂ ಒಪ್ಪುವುದಿಲ್ಲ.

ಈಗ ಅಸಲು ಪ್ರಶ್ನೆ: ರಾತ್ರಿ ಎಲ್ಲಿ? ರಸ್ತೆಬದಿಯಲ್ಲಂತೂ ಬೇಡ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆ ಅನ್ನುವುದು ಯಾವತ್ತೋ ಒಮ್ಮೆ ಕೇಳುವ ಸುದ್ದಿಯಲ್ಲ, ದಿನನಿತ್ಯದ ಸಂಗತಿ. ಸಂಜೆಯಿಂದ ಬೆಳಗಿನವರೆಗೆ ಅವು ತೋಟದಿಂದ ತೋಟಕ್ಕೆ ದಾಟುತ್ತಿರುತ್ತವೆ. ಹಲಸು, ಬಾಳೆ, ಅಕ್ಕಿಯ ವಾಸನೆಗೆ ಮನೆಯ ಗೋಡೆಯನ್ನೇ ಒಡೆಯುವ ಪ್ರಾಣಿಗೆ ಈಕೊದ ತಗಡು ಯಾವ ಲೆಕ್ಕ? ದಾರಿಯಲ್ಲಿ ಕೊಂಡ ಹಲಸಿನ ಹಣ್ಣನ್ನು ರಾತ್ರಿ ಗಾಡಿಯಲ್ಲಿ ಇಟ್ಟುಕೊಳ್ಳಲೇಬೇಡಿ. ಮುಳ್ಳಯ್ಯನಗಿರಿ ಶ್ರೇಣಿಯಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ, ಆ ದಾರಿಯ ಕೈಮರದ ಚೆಕ್‌ಪೋಸ್ಟ್ ಸಂಜೆ ಮುಚ್ಚುವುದರೊಳಗೆ ಇಳಿದಿರಬೇಕು. ತೋಟಗಳಿಗೆಲ್ಲ ಗೇಟು, ಗೇಟಿಗೊಬ್ಬ ರೈಟರ್ (ತೋಟದ ಮೇಲ್ವಿಚಾರಕ).

ಉಳಿದದ್ದು ಹೋಮ್‌ಸ್ಟೇಯವರ ಅಂಗಳ. ಅದರಲ್ಲೂ ಕಾಫಿ ಒಣಗಿಸುವ ಕಣ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಿಮೆಂಟಿನ ಸಮತಟ್ಟು, ನೀರು ನಿಲ್ಲುವುದಿಲ್ಲ, ಚಕ್ರ ಹೂಳುವುದಿಲ್ಲ, ಮನೆ ಪಕ್ಕದಲ್ಲೇ ಇರುತ್ತದೆ. ಆದರೆ ಪ್ರವಾಸಿಗರು ಮುಗಿಬೀಳುವ ನವೆಂಬರಿನಿಂದ ಫೆಬ್ರುವರಿಯವರೆಗೇ ಕಾಫಿ ಕುಯ್ಲು. ಆಗ ಕಣದ ತುಂಬ ಹಣ್ಣು ಹರಡಿರುತ್ತದೆ, ಗಾಡಿ ಇರಲಿ, ಚಪ್ಪಲಿ ಕಾಲೂ ಇಡುವಂತಿಲ್ಲ. ಮಾರ್ಚಿನ ಹೊತ್ತಿಗೆ ಕಣ ಬಹುಪಾಲು ಖಾಲಿ. ಹೂ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೋದರೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಘಮ. ಈ ಗಾಡಿಗೆ ತಕ್ಕ ತಿಂಗಳು ಅದೇ. ಎರಡು ದಿನ ಮುಂಚೆ ಫೋನ್ ಮಾಡಿ, ‘ರೂಮ್ ಬೇಡ ಸಾರ್, ಕಣದಲ್ಲಿ ಒಂದ್ ರಾತ್ರಿ ಗಾಡಿ ನಿಲ್ಸಿಕೊಳ್ತೀವಿ, ಬಾತ್‌ರೂಮ್ ಕೊಟ್ರೆ ಸಾಕು, ಬೆಳಗ್ಗೆ ತಿಂಡಿ ನಿಮ್ಮಲ್ಲೇ’ ಅನ್ನಿ. ತಿಂಡಿಯ ಮಾತು ಬಂದರೆ ಒಪ್ಪುವವರೇ ಹೆಚ್ಚು. ಜೂನಿನಿಂದ ಸೆಪ್ಟೆಂಬರ್ ಈ ಗಾಡಿಗೆ ಆಗಿಬರುವುದಿಲ್ಲ: ನೆತ್ತಿಯ ಕಿಂಡಿಯ ಸುತ್ತ ಸೀಲೆಂಟ್ ಬಿರುಕು ಬಿಟ್ಟಿದೆ, ಕೆಳಗಿಳಿದರೆ ಇಂಬಳ (ರಕ್ತ ಹೀರುವ ಜಿಗಣೆ).

ಓಡಿಸುವುದಕ್ಕೆ ಗಾಡಿ ಸಲೀಸು. ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಗಾಡಿಯಾದ್ದರಿಂದ ಭಾರ ಹಿಂದಿದ್ದಷ್ಟೂ ಏರಿನಲ್ಲಿ ಹಿಡಿತ ಜಾಸ್ತಿ. ಇಳಿಜಾರಿನಲ್ಲಿ ಎರಡನೇ ಗೇರ್ ಬಿಡಬೇಡಿ. ಬ್ರೇಕನ್ನೇ ನೆಚ್ಚಿದರೆ ಮುಳ್ಳಯ್ಯನಗಿರಿಯಿಂದ ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಬಂದರೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಸುರಿಯಬೇಡಿ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಅಲ್ಲಿಂದಲೇ ವಾಪಸ್ಸು ತಿರುಗಿ. ಚಾರ್ಮಾಡಿ ಘಾಟಿ ಇಳಿದು ಹತ್ತುವುದು ಈ ಬಜೆಟ್ಟಿಗೆ ಬೇಕಿಲ್ಲದ ಪೆಟ್ರೋಲು.

ದುಡ್ಡು ಕೊಡುವ ಮುಂಚೆ ನಂಬರ್ ಪ್ಲೇಟ್ ನೋಡಿ. ತಾನೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು, ಇದಕ್ಕೆ ಇದೆ. ಬಿಳಿ ಹಲಗೆಯ ಗಾಡಿ ಕೊಟ್ಟರೆ ಅಪಘಾತವಾದಾಗ ವಿಮೆ ಕೈಕೊಡಬಹುದು. ಸೀಟು ಕಿತ್ತ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯ ಪ್ರತಿ ಕೇಳಿ ನೋಡಿ. ಆಮೇಲೆ ಗಾಡಿಯ ಸುತ್ತ, ನೆತ್ತಿಯ ಪ್ಯಾನೆಲ್ ಮತ್ತು ಕಿಂಡಿಯ ಬಿರುಕು ಕಾಣುವಂತೆ ವಿಡಿಯೊ ಮಾಡಿ ಮಾಲೀಕರ ವಾಟ್ಸಾಪಿಗೆ ಅಲ್ಲೇ ನಿಂತು ಕಳಿಸಿ. ಠೇವಣಿಯಲ್ಲಿ ಕತ್ತರಿ ಬೀಳುವುದು ಬಹುಪಾಲು ನೆತ್ತಿಯ ಗೀರಿಗೇ, ತೋಟದ ದಾರಿಯ ತಗ್ಗು ಕೊಂಬೆಗಳು ಅಲ್ಲಿಗೇ ತಾಗುವುದು.