ಮೆಂಟೆನೆನ್ಸ್ ಹುಡುಗರಿಗೆ ಪೇಪರ್ ಟೆಸ್ಟಾ, ಕೈಕೆಲಸದ ಟೆಸ್ಟಾ?

ಫಿಟ್ಟರ್, ಎಲೆಕ್ಟ್ರಿಷಿಯನ್ ತಗೊಳ್ಳುವಾಗ ಪ್ರಶ್ನೆಪತ್ರಿಕೆ ಸಾಕಾ, ಕೆಲಸ ಮಾಡಿಸಿಯೇ ನೋಡಬೇಕಾ ಅಂತ ಕೇಳಿದ್ದೀರಿ. ಖರ್ಚಿಗೆ ಪೇಪರ್ರೇ ಸಲೀಸು. 40 ಜನರನ್ನು ಕೂರಿಸಿ ಒಂದು ಗಂಟೆಯಲ್ಲಿ ಮುಗಿಸಬಹುದು. ಕೈಕೆಲಸಕ್ಕೆ ಬೆಂಚು, ಹಳೇ ಮೋಟಾರು, ಪಕ್ಕದಲ್ಲಿ ನಿಲ್ಲುವ ಸೀನಿಯರ್ ಎಲ್ಲ ಬೇಕು, ದಿನಕ್ಕೆ ಏಳೆಂಟು ಜನ ಆದರೆ ಜಾಸ್ತಿ.

ಆದರೆ ಗೊತ್ತಾಗುವುದೇನು? ಸ್ಟಾರ್-ಡೆಲ್ಟಾ ಸ್ಟಾರ್ಟರ್ (ದೊಡ್ಡ ಮೋಟಾರನ್ನು ಮೊದಲು ಕಡಿಮೆ ಕರೆಂಟ್ ಎಳೆಯುವ 'ಸ್ಟಾರ್' ಜೋಡಣೆಯಲ್ಲಿ ಚಾಲೂ ಮಾಡಿ, ಆಮೇಲೆ 'ಡೆಲ್ಟಾ'ಗೆ ಬದಲಿಸುವ ಸಾಧನ) ಯಾಕೆ ಬೇಕು ಅಂತ ಐಟಿಐ ಮುಗಿಸಿದವರು ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ. ಅದೇ ಸ್ಟಾರ್ಟರ್ ಇರುವ ಪ್ಯಾನೆಲ್‌ನಲ್ಲಿ, ಡೆಲ್ಟಾಗೆ ಬದಲಿಸುವ ಟೈಮರ್‌ನ ಒಂದು ವೈರ್ ಸಡಿಲ ಮಾಡಿಟ್ಟು, "ಮೋಟಾರು ಸ್ಟಾರ್‌ನಲ್ಲೇ ಉಳಿದಿದೆ, ಡೆಲ್ಟಾಗೆ ಹೋಗ್ತಿಲ್ಲ, ನೋಡಪ್ಪ" ಅನ್ನಿ. ಒಬ್ಬ ಸುಮ್ನೆ ಸ್ಕ್ರೂಡ್ರೈವರ್ ಹಿಡಿದು ನುಗ್ಗುತ್ತಾನೆ (ತಕ್ಷಣ ತಡೆಯಿರಿ). ಇನ್ನೊಬ್ಬ ಮೇನ್ ಆಫ್ ಮಾಡಿ, ಬೀಗ ಹಾಕಿ, ತನ್ನ ಮೀಟರ್ ಸರಿಯಿದೆಯಾ ಅಂತ ಬೇರೆ ಲೈವ್ ಪಾಯಿಂಟ್‌ನಲ್ಲಿ ನೋಡಿ, ಕರೆಂಟ್ ಇಲ್ಲ ಅಂತ ಖಾತ್ರಿಯಾದ ಮೇಲೆ ಟರ್ಮಿನಲ್ ಮುಟ್ಟುತ್ತಾನೆ. 415 ವೋಲ್ಟ್ ಅಲ್ವಾ! ವೈರ್ ಸಿಗದಿದ್ದರೂ ನಾನು ಇವನನ್ನೇ ತಗೊಳ್ಳುತ್ತೇನೆ.

ನ್ಯಾಯದ ವಿಷಯದಲ್ಲಿ ಮಾತ್ರ ಕೈಕೆಲಸದ ಟೆಸ್ಟ್ ಸ್ವಲ್ಪ ಎಡವುತ್ತದೆ. ನೋಡುವವರ ಮೂಡ್ ಮೇಲೆ ಅಂಕ ಹೋಗುತ್ತದೆ, ಹಾಗಾಗಿ ಯಾವ ಹೆಜ್ಜೆಗೆ ಎಷ್ಟು ಅಂತ ಮೊದಲೇ ಬರೆದಿಡಿ. ಪೇಪರ್ ಇಂಗ್ಲಿಷ್‌ನಲ್ಲಿ ಮಾತ್ರ ಇದ್ದರೆ ಅದೂ ಅನ್ಯಾಯವೇ, ಕನ್ನಡದಲ್ಲೂ ಕೊಡಿ.

ನೂರಾರು ಅರ್ಜಿ ಬಂದಿದ್ದರೆ ಪೇಪರ್‌ನಿಂದ ಜರಡಿ ಹಿಡಿಯಿರಿ. ಇಬ್ಬರು ಮೂವರು ಬೇಕು, ಬಂದ ದಿನವೇ ರಾತ್ರಿ ಶಿಫ್ಟ್‌ನಲ್ಲಿ ಒಬ್ಬರೇ ಇರಬೇಕು ಅಂದರೆ ಪೇಪರ್ ಬಿಟ್ಟು ನೇರ ಪ್ಯಾನೆಲ್ ಮುಂದೆ ನಿಲ್ಲಿಸಿ.